ಮುಳುಗದ ನೊಣ



ಈ ಹೊತ್ತಿನ ಭಾಷಣದ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರು ನಕ್ಕರೂ ನಗಬಹುದು. ಮೀನು ಹಿಡಿಯುವವರು ಗಾಳಕ್ಕೆ ಕಟ್ಟುವ ಕೃತಕ ನೊಣಕ್ಕೆ ಪುಡಿ ಹಚ್ಚುವುದು ಹೇಗೆ, ಹಚ್ಚುವುದೇಕೆ ಎಂಬುದೇ ನಾವು ಹೇಳಹೊರಟಿರುವ ಮಾತು. ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವ, ಮೀನನ್ನು ಮುಟ್ಟದ ಮನೆತನದಲ್ಲಿ ಬೆಳೆದ, ಜನ್ಮದಲ್ಲಿ ಒಮ್ಮೆಯೂ ಗಾಳ ಹಿಡಿಯದ ನಮಗೆ ಈ ವಿಷಯ ಎಲ್ಲಿಂದ ಗಂಟುಬಿದ್ದಿತು ಎಂದು ನೀವು ಕೇಳುವುದು ನ್ಯಾಯವೇ ಸರಿ. ಒಬ್ಬ ವಿದ್ಯಾರ್ಥಿಯ ಪ್ರಶ್ನೆಗೆ ನಾವು ತಪ್ಪು ಉತ್ತರವನ್ನು ಕೊಟ್ಟೆವು. ಆ ತಪ್ಪನ್ನು ತಿದ್ದಿಕೊಳ್ಳಹೋಗಿ ಇಷ್ಟು ದೂರ ಬಂದೆವು. ಅಷ್ಟೇ ಇದರ ಪೂರ್ವಕಥೆ.

ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದಲ್ಲಿ ಕೆಲವು ವರ್ಷವಿದ್ದು ಮರಳಿದ ನಮ್ಮ ಮಿತ್ರರೊಬ್ಬರು ಒಂದು ಸಣ್ಣ ತಗಡಿನ ಡಬ್ಬಿಯನ್ನು ನಮಗೆ ತೋರಿಸಿದರು. ಅದರೊಳಗೆ ಹತ್ತು ಹನ್ನೆರಡು ನೊಣಗಳು ಸಾಲಾಗಿ ಕುಳಿತಿದ್ದುವು. ಕಣ್ಣಿಗೆ ಹತ್ತಿರ ಹಿಡಿದ ಮೇಲೆಯೇ ಅವು ನಿಜವಾದ ನೊಣಗಳಲ್ಲವೆಂದು ತಿಳಿಯಿತು: ಸಣ್ಣ ಉಕ್ಕಿನ ಕೊಕ್ಕೆ, ಅದರ ಮೇಲೆ ರೇಷ್ಮೆಯ ದಾರದಿಂದ ಸುತ್ತಿದ ತುಪ್ಪಳದ ಮೈ, ಹುಂಜದ ಕತ್ತಿನ ಗರಿಯನ್ನು ಸುತ್ತಿ ಬಿಡಿಸಿದ ಕಾಲುಗಳು, ಬಾತುಕೋಳಿಯ ಗರಿಯ ರೆಕ್ಕೆ. ಡಬ್ಬಿಯ ಪಕ್ಕದಲ್ಲಿ ಎರಡು ಸೀಸೆಗಳು. ಒಂದರಲ್ಲಿ ಸಬ್ಬಕ್ಕಿಯನ್ನು ಒಡೆದಂತೆ ಬಿಳಿಯ ಹರಳುಗಳು. ಇನ್ನೊಂದರಲ್ಲಿ ಬಿಳಿಯ ಪುಡಿ. ಅದು ಎಷ್ಟು ಹಗುರವೆಂದರೆ ಸೀಸೆಯನ್ನು ಕೈಯಲ್ಲಿ ಹಿಡಿದರೆ ಬರಿದೆಂದೇ ತೋರುತ್ತಿತ್ತು. ಎರಡು ಸೀಸೆಗಳ ಮೇಲೂ ಒಂದೇ ಹೆಸರು ಬರೆದಿತ್ತು: ಸಿಲಿಕಾ.

ದ್ರವಗಳ ಮೇಲ್ಮೈ ಎಳೆತದ ಪಾಠ ನಡೆಯುತ್ತಿದ್ದ ದಿನಗಳವು. ಹುಡುಗರಿಗೆ ವಿನೋದವಾಗಲೆಂದು ನಾವು ಆ ಡಬ್ಬಿಯನ್ನು ತರಗತಿಗೆ ಕೊಂಡೊಯ್ದೆವು. ನೊಣ ನೆನೆದು ಮುಳುಗತೊಡಗಿದಾಗ ಈ ಪುಡಿಗಳಿಂದ ಅದನ್ನು ಒಣಗಿಸಿ ಮತ್ತೆ ತೇಲಿಸುತ್ತಾರೆ ಎಂದು ಹೇಳಿದೆವು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, “ಸಾರ್, ಎರಡೂ ಸಿಲಿಕಾ ಅಂತ ಬರೆದಿದೆ. ಎರಡು ಸೀಸೆ ಯಾಕೆ ಬೇಕು?” ಎಂದು ಕೇಳಿದ. ನಾವು ತಡಮಾಡದೆ ಉತ್ತರ ಹೇಳಿದೆವು: ಎರಡೂ ನೀರನ್ನು ಹೀರುತ್ತವೆ, ಸಣ್ಣ ಪುಡಿ ಇನ್ನೂ ಚೆನ್ನಾಗಿ ಹೀರುತ್ತದೆ, ವ್ಯತ್ಯಾಸ ಅಷ್ಟೆ. ಹುಡುಗ ಸುಮ್ಮನೆ ಕೂರಲಿಲ್ಲ. ಅಪ್ಪಣೆ ಕೇಳಿ ಮುಂದೆ ಬಂದು, ಒಂದು ತಟ್ಟೆಯಲ್ಲಿ ಆ ಹಗುರವಾದ ಪುಡಿಯನ್ನು ಹರಡಿ ಅದರ ಮೇಲೆ ಒಂದು ಹನಿ ನೀರು ಬಿಟ್ಟ. ಪುಡಿ ಹನಿಯನ್ನು ಹೀರಲಿಲ್ಲ. ಹನಿ ಗುಂಡಗೆ ನಿಂತಿತು. ತಟ್ಟೆಯನ್ನು ಓರೆಮಾಡಿದರೆ ಪುಡಿಯನ್ನು ಮೈಗೆ ಬಳಿದುಕೊಂಡು ಪಾದರಸದ ಗೋಲಿಯಂತೆ ಉರುಳಿತು. ತರಗತಿ ಗೊಳ್ಳೆಂದು ನಕ್ಕಿತು. ನಾವೂ ನಕ್ಕೆವು, ಆದರೆ ಗಂಟೆ ಹೊಡೆದದ್ದು ಆ ದಿನ ನಮಗೆ ಎಷ್ಟು ಹಿತವಾಗಿತ್ತೆಂಬುದನ್ನು ಅಧ್ಯಾಪಕರಾದವರು ಬಲ್ಲರು.

ಈ ನೊಣವೇಕೆ ತೇಲಬೇಕು ಎಂಬುದನ್ನು ಮೊದಲು ತಿಳಿಯೋಣ. ದಕ್ಷಿಣ ಇಂಗ್ಲೆಂಡಿನಲ್ಲಿ ಟೆಸ್ಟ್, ಇಚನ್ ಎಂಬ ಎರಡು ಚಿಕ್ಕ ಹೊಳೆಗಳುಂಟು. ಅವು ಸುಣ್ಣದ ಗುಡ್ಡಗಳಲ್ಲಿ ಹುಟ್ಟುತ್ತವೆ. ಮಳೆಯ ನೀರು ಸುಣ್ಣಕಲ್ಲಿನೊಳಗೆ ಇಂಗಿ, ನಿಧಾನವಾಗಿ ಸೋಸಿ, ಬುಗ್ಗೆಗಳಾಗಿ ಹೊರಬರುವುದರಿಂದ ಆ ನೀರು ಸ್ಫಟಿಕದಂತೆ ತಿಳಿ. ಬೇಸಗೆ ಚಳಿಗಾಲಗಳೆಂಬ ಭೇದ ಅದಕ್ಕೆ ಕಡಮೆ. ತಳದ ಹಸುರು ಜೊಂಡೂ ಅದರ ನಡುವೆ ಪ್ರವಾಹಕ್ಕೆ ಎದುರಾಗಿ ನಿಂತ ಟ್ರೌಟ್ ಮೀನೂ ದಡದಲ್ಲಿ ನಿಂತವರಿಗೆ ಕಾಣುತ್ತವೆ. ಮೀನಿಗೂ ಮೇಲಿನದೆಲ್ಲ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ ಎಂಬುದೇ ಬೆಸ್ತನ ಕಷ್ಟ.

ಈ ಹೊಳೆಗಳಲ್ಲಿ ಮೇಫ್ಲೈ ಎಂಬ ಕೀಟ ಬಾಳುತ್ತದೆ. ಅದರ ಮರಿ ಸಾಮಾನ್ಯವಾಗಿ ಎರಡು ವರ್ಷ ಹೊಳೆಯ ತಳದ ಹೂಳಿನಲ್ಲಿ ಬಿಲ ತೋಡಿಕೊಂಡಿದ್ದು, ವಸಂತದ ಕೊನೆಗೆ ಮೇಲಕ್ಕೆ ಈಜಿ ಬಂದು, ನೀರಿನ ಮೇಲೆಯೇ ಚರ್ಮವನ್ನು ಕಳಚಿ ರೆಕ್ಕೆ ಬಿಡಿಸುತ್ತದೆ. ಹಾರುವ ಮೊದಲು ಸ್ವಲ್ಪ ಹೊತ್ತು ಸಣ್ಣ ಹಾಯಿದೋಣಿಯಂತೆ ರೆಕ್ಕೆಯನ್ನು ಮೇಲೆತ್ತಿ ಪ್ರವಾಹದಲ್ಲಿ ತೇಲುತ್ತದೆ. ಹಾರಿದ ಮೇಲೆ ಅದರ ಆಯುಸ್ಸು ಕೆಲವೇ ದಿನ. ಆ ದಿನಗಳಲ್ಲಿ ಅದು ಏನನ್ನೂ ತಿನ್ನುವಂತಿಲ್ಲ, ತಿನ್ನುವುದಕ್ಕೆ ತಕ್ಕ ಬಾಯೇ ಅದಕ್ಕಿಲ್ಲ. ತೇಲುವ ಆ ಕ್ಷಣಗಳಲ್ಲಿ ಟ್ರೌಟ್ ಮೀನು ಕೆಳಗಿನಿಂದ ಎದ್ದು ಅದನ್ನು ಕಬಳಿಸುತ್ತದೆ. ಮೀನುಗಾರನು ತನ್ನ ಕೃತಕ ನೊಣವನ್ನು ಅದೇ ರೀತಿ, ನೀರಿನ ಮೇಲೆ ಕಾಲೂರಿ ನಿಂತಂತೆ, ತೇಲಿಬಿಡಬೇಕು. ನೆನೆದು ಅರ್ಧ ಮುಳುಗಿದ ನೊಣವನ್ನು ಕಂಡರೆ ಮೀನು ಅನೇಕ ವೇಳೆ ತಿರುಗಿಯೂ ನೋಡದು.

ಈ ಕಲೆಗೆ ‘ಒಣ ನೊಣ’ದ ಬೇಟೆ ಎಂದು ಹೆಸರು. ಫ್ರೆಡರಿಕ್ ಹಾಲ್‌ಫರ್ಡ್ ಎಂಬವರು 1886ರಲ್ಲಿ ತೇಲುವ ನೊಣಗಳನ್ನು ಕುರಿತು ಒಂದು ಪುಸ್ತಕವನ್ನು ಬರೆದು, ಮೂರು ವರ್ಷ ಕಳೆದು ಇನ್ನೊಂದನ್ನು ಪ್ರಕಟಿಸಿ, ಇದನ್ನು ಒಂದು ಶಾಸ್ತ್ರವನ್ನಾಗಿಯೇ ಮಾಡಿದರು. ಅವರ ಅನುಯಾಯಿಗಳಲ್ಲಿ ಕೆಲವರಿಗೆ ನೀರಿನ ಮೇಲಲ್ಲದೆ ಕೆಳಗೆ ಗಾಳ ಬಿಡುವುದು ಅನಾಚಾರವಾಗಿ ತೋರಿತು. 1910ರಲ್ಲಿ ಸ್ಕ್ಯೂಸ್ ಎಂಬ ವಕೀಲರು, ಮೀನು ತನ್ನ ಆಹಾರದ ಬಹುಭಾಗವನ್ನು ನೀರೊಳಗೇ ತಿನ್ನುತ್ತದೆಯಲ್ಲಾ ಎಂದು ಬರೆದು, ಆ ಮಡಿವಂತಿಕೆಯನ್ನು ಪ್ರಶ್ನಿಸಿದರು. ಆ ವಾದ ಬಹುಕಾಲ ನಡೆಯಿತು. ಮಡಿ ಮೈಲಿಗೆಗಳ ಜಗಳ ನಮ್ಮಲ್ಲಿ ಮಾತ್ರವೆಂದು ತಿಳಿದವರಿಗೆ ಇದು ಸಮಾಧಾನವನ್ನು ಕೊಡಬಹುದು.

ಇನ್ನು ನಮ್ಮ ಪ್ರಶ್ನೆ. ಉಕ್ಕು ನೀರಿಗಿಂತ ಸುಮಾರು ಎಂಟರಷ್ಟು ಭಾರ. ಹಾಗಿದ್ದೂ ಉಕ್ಕಿನ ಕೊಕ್ಕೆಯುಳ್ಳ ನೊಣ ತೇಲುವುದು ಹೇಗೆ? ನೀರಿನ ಮೇಲ್ಮೈ ಬಿಗಿದ ಮದ್ದಳೆಯ ಚರ್ಮದಂತೆ ಎಳೆದುಕೊಂಡಿರುತ್ತದೆ. ಹುಷಾರಾಗಿ ಇಟ್ಟ ಸೂಜಿ ಲೋಟದ ನೀರಿನ ಮೇಲೆ ನಿಲ್ಲುವುದನ್ನು ನೀವು ನೋಡಿರಬಹುದು. ಲೆಕ್ಕ ಹಾಕಿದರೆ, ನೀರನ್ನು ಮುಟ್ಟಿದ ಒಂದು ಸೆಂಟಿಮೀಟರು ಉದ್ದದ ಅಂಚು ಹೆಚ್ಚೆಂದರೆ ಸುಮಾರು 73 ಮಿಲಿಗ್ರಾಂ ತೂಕವನ್ನು ಹೊರಬಲ್ಲದು. ಸಣ್ಣ ಒಣ ನೊಣ ಕೊಕ್ಕೆಯೂ ಸೇರಿ ಇದಕ್ಕಿಂತ ಹಗುರ. ಗರಿಯ ಹತ್ತಾರು ಎಳೆಗಳ ತುದಿಗಳು ನೀರನ್ನು ಮುಟ್ಟಿ ನಿಂತರೆ ಸಾಕು, ಭಾರವನ್ನು ಹೊರುವುದಕ್ಕೆ ಬಲ ಯಥೇಚ್ಛವಾಗಿ ಉಂಟು. ಆದರೆ ಒಂದು ಕರಾರು: ಆ ಎಳೆಗಳು ನೆನೆಯಬಾರದು. ನೆನೆದರೆ ನೀರು ಎಳೆಗಳ ನಡುವೆ ಹರಿದು ಗಾಳಿಯನ್ನು ಹೊರದೂಡುತ್ತದೆ. ಹೊರುತ್ತಿದ್ದ ಚರ್ಮವೇ ನೊಣವನ್ನು ಕೆಳಗೆಳೆದುಕೊಳ್ಳುತ್ತದೆ.

ನೆನೆಯುವುದು, ನೆನೆಯದಿರುವುದು ಯಾವುದರಿಂದ ನಿರ್ಣಯವಾಗುತ್ತದೆ? ಥಾಮಸ್ ಯಂಗ್ ಎಂಬ ವಿದ್ವಾಂಸರು 1805ರಲ್ಲಿ ಇದಕ್ಕೆ ಸೂತ್ರವನ್ನು ಹಾಕಿಕೊಟ್ಟರು. ಹನಿಯ ಅಂಚು ನೆಲವನ್ನು ಕೂಡುವ ಕೋನವನ್ನು ಅಳೆಯಬೇಕು. ಶುದ್ಧವಾದ ಗಾಜಿನ ಮೇಲೆ ಹನಿ ಹರಡಿಕೊಳ್ಳುತ್ತದೆ; ಕೋನ ಬಹು ಚಿಕ್ಕದು. ಮೇಣದ ಮೇಲೆ ಹನಿ ಉಬ್ಬಿ ನಿಲ್ಲುತ್ತದೆ. ಕೋನ ನೂರು ಡಿಗ್ರಿಯನ್ನು ಮೀರುತ್ತದೆ. ನಯವಾದ ಮೈಗೆ ಏನನ್ನು ಬಳಿದರೂ ಕೋನ ಸುಮಾರು 120 ಡಿಗ್ರಿಯ ಆಚೆಗೆ ಹೋಗುವುದಿಲ್ಲ. ಆದರೆ ತಾವರೆಯ ಎಲೆಯ ಮೇಲೆ, ನಮ್ಮ ಹಿತ್ತಿಲ ಕೆಸುವಿನ ಎಲೆಯ ಮೇಲೆ, ಅದು 150 ಡಿಗ್ರಿಯನ್ನೂ ದಾಟುತ್ತದೆ. ಇದಕ್ಕೆ ಕಾರಣ ಮೇಣವೊಂದೇ ಅಲ್ಲ; ಕಣ್ಣಿಗೆ ಕಾಣದ ಒರಟುತನ. ಎಲೆಯ ಮೇಲೆಲ್ಲ ಸೂಕ್ಷ್ಮವಾದ ದಿಬ್ಬಗಳಿದ್ದು, ಹನಿ ಅವುಗಳ ತುದಿಗಳ ಮೇಲೆ ಮಾತ್ರ ಕುಳಿತಿರುತ್ತದೆ; ಕೆಳಗೆಲ್ಲ ಗಾಳಿ. ಇಂಗ್ಲೆಂಡಿನ ಉಣ್ಣೆಯ ಉದ್ಯಮದ ಸಂಶೋಧನ ಸಂಸ್ಥೆಯಲ್ಲಿದ್ದ ಕ್ಯಾಸಿ ಮತ್ತು ಬ್ಯಾಕ್ಸ್ಟರ್ ಎಂಬವರು 1944ರಲ್ಲಿ ಈ ತತ್ತ್ವವನ್ನು ಬಿಡಿಸಿಟ್ಟರು. ಬಾತುಕೋಳಿ ನೀರಿನಿಂದ ಒಣಗಿಯೇ ಏಳುವುದಕ್ಕೆ ಗರಿಯ ಎಣ್ಣೆಗಿಂತ ಗರಿಯ ಎಳೆಗಳ ಜೋಡಣೆಯೇ ದೊಡ್ಡ ಕಾರಣವೆಂದು ಅದರಿಂದ ತಿಳಿಯಬರುತ್ತದೆ.

ಇದನ್ನು ನೀವು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಲೋಹದ ಚಮಚವನ್ನು ಎಣ್ಣೆಯ ದೀಪದ ಕುಡಿಯ ಮೇಲೆ, ಹಿಡಿಯನ್ನು ಬಟ್ಟೆಯಿಂದ ಹಿಡಿದು, ಕಪ್ಪಗೆ ಕಾಡಿಗೆ ಕಟ್ಟುವವರೆಗೆ ತೋರಿಸಿ. ಆರಿದ ಮೇಲೆ ನೀರಿನ ಲೋಟದಲ್ಲಿ ಮುಳುಗಿಸಿ. ಕರಿಯ ಚಮಚ ನೀರೊಳಗೆ ಬೆಳ್ಳಿಯಂತೆ ಹೊಳೆಯುತ್ತದೆ. ಹೊಳೆಯುವುದು ಚಮಚವಲ್ಲ, ಅದರ ಮೈಗೆ ಅಂಟಿಕೊಂಡಿರುವ ಗಾಳಿಯ ತೆಳ್ಳನೆಯ ಪದರ. ಹೊರಗೆ ತೆಗೆದರೆ ಚಮಚ ಒಣಗಿಯೇ ಇರುತ್ತದೆ. ನೊಣಕ್ಕೆ ಪುಡಿ ಹಚ್ಚುವುದೆಂದರೆ ಇದೇ ಗಾಳಿಯ ಅಂಗಿಯನ್ನು ಅದಕ್ಕೆ ತೊಡಿಸುವುದು.

ಈಗ ಎರಡು ಸೀಸೆಗಳ ಗುಟ್ಟಿಗೆ ಬರೋಣ. ಸಿಲಿಕಾ ಎಂಬುದು ಮರಳಿನ ಮೂಲದ್ರವ್ಯ. ಹರಳಿನ ರೂಪದಲ್ಲಿರುವುದು ಸಿಲಿಕಾ ಜೆಲ್. ಔಷಧದ ಸೀಸೆಗಳಲ್ಲಿ, ಹೊಸ ಪಾದರಕ್ಷೆಯ ಪೆಟ್ಟಿಗೆಯಲ್ಲಿ ಪುಟ್ಟ ಪೊಟ್ಟಣವಾಗಿ ಇರುತ್ತದಲ್ಲಾ, ಅದೇ. ಅದರೊಳಗೆ ಅಸಂಖ್ಯಾತ ಸೂಕ್ಷ್ಮ ರಂಧ್ರಗಳು. ರಂಧ್ರಗಳ ಗೋಡೆಯ ಮೇಲೆಲ್ಲ ಆಮ್ಲಜನಕ, ಜಲಜನಕಗಳ ಜೋಡಿಗಳು ಕೈಚಾಚಿ ನಿಂತಿರುತ್ತವೆ. ಅವು ನೀರಿನ ಅಣುಗಳಿಗೆ ನಂಟರು, ಬಂದವರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೀಗೆ ಜೆಲ್ ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವವನ್ನು ಹೀರಬಲ್ಲದು. ಕಾಯಿಸಿದರೆ ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ಬರುತ್ತದೆ.

ಎರಡನೆಯ ಪುಡಿಯ ಹುಟ್ಟು ಬೇರೆ. ಸಿಲಿಕಾನಿನ ಒಂದು ಕ್ಲೋರೈಡನ್ನು ಜಲಜನಕ, ಆಮ್ಲಜನಕಗಳ ಉರಿಯಲ್ಲಿ ಸುಟ್ಟರೆ ಹೊಗೆಯಂತೆ ಸಿಲಿಕಾ ಹುಟ್ಟುತ್ತದೆ. ಜರ್ಮನಿಯ ದೆಗುಸ್ಸಾ ಕಂಪನಿಯ ಹ್ಯಾರಿ ಕ್ಲೋಪ್ಫರ್ ಎಂಬ ರಸಾಯನಜ್ಞರು 1940ರ ದಶಕದ ಆರಂಭದಲ್ಲಿ ಈ ವಿಧಾನವನ್ನು ಕಂಡುಹಿಡಿದರು. ಇದರ ಮೂಲಕಣಗಳು ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದ ಆಸುಪಾಸಿನವು. ಒಂದು ಗ್ರಾಂ ಪುಡಿಯ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸಾಮಾನ್ಯವಾಗಿ 200 ಚದರ ಮೀಟರಿನಷ್ಟಾಗುತ್ತದೆ. ಇದೂ ಹುಟ್ಟಿದಾಗ ನೀರಿಗೆ ನಂಟನೇ. ಆದರೆ ಇದಕ್ಕೆ ಇನ್ನೊಂದು ಸಂಸ್ಕಾರವನ್ನು ಮಾಡುತ್ತಾರೆ. ಮೀಥೈಲ್ ಕ್ಲೋರೋಸಿಲೇನ್ ಎಂಬ ದ್ರವ್ಯಗಳ ಆವಿಯನ್ನು ತಾಗಿಸಿದರೆ, ಕೈಚಾಚಿದ್ದ ಆ ಜೋಡಿಗಳ ಜಾಗದಲ್ಲಿ ಮೀಥೈಲ್ ಗುಂಪುಗಳು ಬಂದು ಕೂರುತ್ತವೆ. ಇವು ಎಣ್ಣೆಯ ಜಾತಿ. ನೀರಿಗೆ ಇವುಗಳ ಸಂಗಡ ಮಾತುಕತೆಯಿಲ್ಲ. ಇಂಥ ಆವಿಯಿಂದ ಕಾಗದ ಬಟ್ಟೆಗಳು ನೀರನ್ನು ದೂಡುವಂತಾಗುವ ವಿಧಾನಕ್ಕೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಂಟನ್ ಪ್ಯಾಟ್ನೋಡ್ ಎಂಬವರಿಗೆ 1942ರಲ್ಲಿ ಪೇಟೆಂಟು ದೊರೆಯಿತು.

ಆದುದರಿಂದ ಎರಡೂ ಸಿಲಿಕಾ ಎಂಬುದು ನಿಜ. ಆದರೆ ಒಂದು ನೀರನ್ನು ಕುಡಿಯುತ್ತದೆ, ಇನ್ನೊಂದು ನೀರನ್ನು ಒಲ್ಲೆನೆನ್ನುತ್ತದೆ. ವ್ಯತ್ಯಾಸವಿರುವುದು ಒಡಲಿನಲ್ಲಲ್ಲ, ಒಂದು ಅಣುವಿನಷ್ಟು ದಪ್ಪವಾದ ಹೊರಮೈಯಲ್ಲಿ. ನಾವು ಹೆಸರನ್ನು ನೋಡಿ ಗುಣವನ್ನು ಊಹಿಸಿದೆವು. ಹುಡುಗ ಒಂದು ಹನಿ ನೀರನ್ನು ಬಿಟ್ಟು ನೋಡಿದ. ವಿಜ್ಞಾನದ ಅಧ್ಯಾಪಕರು ನಾವೋ ಅವನೋ ಎಂಬ ಸಂಶಯ ಆ ರಾತ್ರಿ ನಮ್ಮನ್ನು ಕಾಡಿದ್ದು ಸುಳ್ಳಲ್ಲ.

ಇಷ್ಟು ತಿಳಿದ ಮೇಲೆ ಪುಡಿಯನ್ನು ಹಚ್ಚುವ ಕ್ರಮ ತಾನಾಗಿಯೇ ಅರ್ಥವಾಗುತ್ತದೆ. ಮೀನು ಕಚ್ಚಿ ಬಿಟ್ಟ ನೊಣಕ್ಕೆ ಲೋಳೆ ಅಂಟಿರುತ್ತದೆ. ಆ ಲೋಳೆ ನೀರಿಗೆ ನಂಟು. ಅದು ಎಳೆಗಳ ನಡುವೆ ತುಂಬಿರುವವರೆಗೆ ಯಾವ ಪುಡಿಯೂ ಫಲಿಸದು. ಆದುದರಿಂದ ಮೊದಲು ಹೊಳೆಯ ನೀರಿನಲ್ಲಿ ನೊಣವನ್ನು ಚೆನ್ನಾಗಿ ಜಾಲಿಸಿ ತೊಳೆಯಬೇಕು. ಒಣಗಿಸಬೇಕಾದುದನ್ನು ಮೊದಲು ನೆನೆಸುವುದೆಂದರೆ ವಿಚಿತ್ರವಾಗಿ ತೋರಬಹುದು. ಆದರೆ ಕೊಳೆ ಬಿಡದೆ ಬಣ್ಣ ಹಿಡಿಯದೆಂಬುದನ್ನು ನಮ್ಮ ಬಣ್ಣಗಾರರೂ ಬಲ್ಲರು. ಎರಡನೆಯದಾಗಿ, ಬಟ್ಟೆಯ ಮಡಿಕೆಯಲ್ಲಿಟ್ಟು ನೀರನ್ನು ಒತ್ತಿ ತೆಗೆಯಬೇಕು. ಹಳೆಯ ಕಾಲದವರು ಇದಕ್ಕೆ ಅಮಡೂ ಎಂಬುದನ್ನು ಇಟ್ಟುಕೊಂಡಿದ್ದರು. ಅದು ಬರ್ಚ್, ಬೀಚ್ ಮರಗಳ ಬೊಡ್ಡೆಯಲ್ಲಿ ಬೆಳೆಯುವ ಗಟ್ಟಿಯಾದ ಅಣಬೆಯಿಂದ ಮಾಡಿದ, ಚರ್ಮದಂತೆ ಮೆತ್ತಗಿರುವ ವಸ್ತು. ಬೆಂಕಿಯ ಕಿಡಿಯನ್ನು ಹಿಡಿಯುವುದಕ್ಕೂ ಅದನ್ನೇ ಬಳಸುತ್ತಿದ್ದರು. ಬ್ಲಾಟಿಂಗ್ ಕಾಗದಕ್ಕಿಂತ ಬೇಗ ಅದು ನೀರನ್ನು ಹೀರುತ್ತದೆ. ಮೂರನೆಯದಾಗಿ, ಹರಳಿನ ಸೀಸೆಯಲ್ಲಿ ನೊಣವನ್ನಿಟ್ಟು ಕೆಲವು ಸಲ ಕುಲುಕಬೇಕು. ಎಳೆಗಳ ಸಂದಿನಲ್ಲಿ ಉಳಿದ ತೇವವನ್ನು ಹರಳುಗಳು ತೆಗೆಯುತ್ತವೆ. ಕೊನೆಗೆ ಹಗುರವಾದ ಪುಡಿಯನ್ನು ಸಣ್ಣ ಕುಂಚದಿಂದ ಎಳೆಗಳ ಬುಡದವರೆಗೆ ಹೊಗಿಸಿ, ಹೆಚ್ಚಾದುದನ್ನು ಕೊಡವಬೇಕು. ಎರಡು ಪುಡಿಗಳನ್ನೂ ಒಂದೇ ಸೀಸೆಯಲ್ಲಿ ಬೆರಸಿ ಮಾರುವುದೂ ಉಂಟು.

ಕ್ರಮ ತಪ್ಪಿದರೆ ಕೆಲಸ ಕೆಟ್ಟಿತು. ಒದ್ದೆಯ ನೊಣದ ಮೇಲೆ ನೀರೊಲ್ಲದ ಪುಡಿಯನ್ನು ಎರಚಿದರೆ ಅದು ನೀರಿನ ಹೊರಮೈಯಲ್ಲಿ ಕುಳಿತುಬಿಡುತ್ತದೆ, ಗರಿಯನ್ನು ಮುಟ್ಟುವುದೇ ಇಲ್ಲ. ಹೊಸ ನೊಣಕ್ಕೆ ಮುಂಚೆಯೇ ಎಣ್ಣೆಯನ್ನೋ ಸಿಲಿಕೋನಿನ ಮುಲಾಮನ್ನೋ ಸವರುವುದು ಬೇರೆಯ ಉಪಾಯ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಾಸನೆಯಿಲ್ಲದ ಪ್ಯಾರಾಫಿನ್ ಎಣ್ಣೆ ಆ ಕೆಲಸಕ್ಕೆ ಬಂದಿತ್ತು. ಅದಕ್ಕೂ ಹಿಂದೆ ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ ನೀರನ್ನು ಕೊಡವುವುದೊಂದೇ ದಾರಿ. ಬಾತುಕೋಳಿಯ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿಯ ಸುತ್ತ ಇರುವ ಮೃದುವಾದ ಗರಿಗಳಿಂದ ಮಾಡಿದ ನೊಣಕ್ಕೆ ಮಾತ್ರ ಮುಲಾಮನ್ನು ಸವರಬಾರದು. ಎಳೆಗಳು ಅಂಟಿಕೊಂಡು ಗಾಳಿಗೆ ಎಡೆಯಿಲ್ಲದಾಗುತ್ತದೆ. ಅಂಥದಕ್ಕೆ ಪುಡಿಯೇ ಸರಿ.

ಈ ಪುಡಿಯ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಸಿಲಿಕಾದ ಧೂಳು ಎಂದೊಡನೆ ನಮ್ಮ ನಾಡಿನವರಿಗೆ ಕೋಲಾರದ ಚಿನ್ನದ ಗಣಿಗಳು ನೆನಪಾಗಬೇಕು. 2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ಕಲ್ಲು ಕೊರೆದ ಎಷ್ಟೋ ಮಂದಿಯ ಶ್ವಾಸಕೋಶಗಳನ್ನು ಸಿಲಿಕೋಸಿಸ್ ಎಂಬ ರೋಗ ಹಾಳುಮಾಡಿತು. ಅಲ್ಲಿಯದು ಸ್ಫಟಿಕರೂಪದ ಸಿಲಿಕಾ. ನೊಣದ ಪುಡಿಯದು ಸ್ಫಟಿಕವಲ್ಲದ್ದು, ಆ ರೋಗವನ್ನು ತರುವ ಜಾತಿಯದಲ್ಲ. ಆದರೂ ಇಷ್ಟು ನವುರಾದ ಪುಡಿಯನ್ನು ಮೂಗಿನ ಬಳಿ ಊದುವುದು ಜಾಣತನವಲ್ಲ. ನೀರನ್ನು ದೂರವಿಡುವ ಲೇಪಗಳೆಲ್ಲ ಒಂದೇ ತೆರನಲ್ಲವೆಂಬುದನ್ನೂ ನೆನಪಿಡಬೇಕು. ಫ್ಲೋರೀನ್ ಸೇರಿದ ಕೆಲವು ಲೇಪಗಳು ನೀರಿನಲ್ಲಿ ಬಹುಕಾಲ ಕೊಳೆಯದೆ ಉಳಿಯುತ್ತವೆ.

ನಮ್ಮ ಸೀಮೆಗೂ ಈ ಆಟಕ್ಕೂ ಸಂಬಂಧವಿಲ್ಲವೆ ಎಂದು ಕೇಳುವವರಿಗೆ ಎರಡು ಮಾತು. ಕಾವೇರಿ, ಕಬಿನಿಗಳ ಮಹಸೀರ್ ಮೀನು ಜಗತ್ಪ್ರಸಿದ್ಧ. ಅದನ್ನು ಹಿಡಿಯುವವರು ಗಾಳಕ್ಕೆ ರಾಗಿಯ ಮುದ್ದೆಯನ್ನು ಕಟ್ಟುವುದುಂಟು. ಅಲ್ಲಿ ತೇಲುವ ನೊಣದ ಪ್ರಸಕ್ತಿ ಅಷ್ಟಾಗಿ ಇಲ್ಲ. ಆದರೆ ನೆರೆಯ ನೀಲಗಿರಿಯ ತಣ್ಣನೆಯ ತೊರೆಗಳಿಗೆ ಟ್ರೌಟ್ ಮೀನನ್ನು ತರಲು 1863ರಲ್ಲಿ ಫ್ರಾನ್ಸಿಸ್ ಡೇ ಎಂಬವರು ಯತ್ನಿಸಿ ಸೋತರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವಲಾಂಚಿಯಲ್ಲಿ ಮೊಟ್ಟೆಗಳನ್ನು ಮರಿಮಾಡುವ ಏರ್ಪಾಡಾದ ಮೇಲೆ ಆ ಮೀನು ಅಲ್ಲಿ ನೆಲೆಗೊಂಡಿತು. ಒಣ ನೊಣದ ಆಟವೂ ಮೀನಿನ ಬೆನ್ನಿಗೇ ಅಲ್ಲಿಗೆ ಹತ್ತಿತು.

ಆಟಕ್ಕಾಗಿ ಜೀವಿಯನ್ನು ಕೊಕ್ಕೆಗೆ ಸಿಕ್ಕಿಸುವುದು ಸರಿಯೆ ಎಂದು ನೀವು ಕೇಳಬಹುದು. ಈ ಪ್ರಶ್ನೆಯನ್ನು ನಮ್ಮ ಮಿತ್ರರಿಗೂ ನಾವು ಹಾಕಿದೆವು. ಮುಳ್ಳಿಲ್ಲದ ಕೊಕ್ಕೆಯಿಂದ ಹಿಡಿದು ಮತ್ತೆ ನೀರಿಗೆ ಬಿಡುತ್ತೇವೆ ಎಂದರು ಅವರು. ಅದರಿಂದ ನಮ್ಮ ಮನಸ್ಸು ಪೂರ್ತಿ ಒಪ್ಪಿತೆಂದು ಹೇಳಲಾರೆವು. ಆದರೆ ಅವರು ಮುಂದೆ ಹೇಳಿದ ಮಾತು ಇದಕ್ಕಿಂತ ದೊಡ್ಡದು. ಲೋಕದ ಸುಣ್ಣದ ಹೊಳೆಗಳಲ್ಲಿ ಬಹುಪಾಲು ಇಂಗ್ಲೆಂಡಿನಲ್ಲಿಯೇ ಇವೆ; ಅವಕ್ಕೆ ಈಗ ಕೇಡು ಒದಗಿದೆ. ಊರುಗಳಿಗಾಗಿ ಬುಗ್ಗೆಯ ನೀರನ್ನು ಮೇಲೆತ್ತುವುದರಿಂದ ಹೊಳೆ ಬಡವಾಗುತ್ತದೆ. ಹೊಲಸು ನೀರೂ ಹೊಲದ ಹೂಳೂ ಬಂದು ಸೇರುತ್ತವೆ. ಇಂಗ್ಲೆಂಡಿನ 20 ನದಿಗಳಲ್ಲಿ 2016ರಿಂದ 2018ರವರೆಗೆ ತೆಗೆದ ನೀರಿನ ಮಾದರಿಗಳ ಲೆಕ್ಕವನ್ನು ಸಸೆಕ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಪರಿಶೀಲಿಸಿದಾಗ, ಫಿಪ್ರೊನಿಲ್ ಎಂಬ ಕೀಟನಾಶಕ ಶೇಕಡ 98ಕ್ಕೂ ಮೀರಿದ ಮಾದರಿಗಳಲ್ಲಿ ಕಂಡುಬಂದಿತು. ಸಾಕಿದ ನಾಯಿ ಬೆಕ್ಕುಗಳ ಮೈಗೆ ಚಿಗಟ ಹತ್ತದಂತೆ ಹಾಕುವ ಔಷಧವದು; ಮನೆಯ ಬಚ್ಚಲಿನಿಂದ ಹೊರಟು ಹೊಳೆಯನ್ನು ಸೇರುತ್ತದೆಂದು ಅವರು ಶಂಕಿಸಿದರು. ಚಿಗಟವನ್ನು ಕೊಲ್ಲುವ ವಿಷ ಹೂಳಿನೊಳಗಿನ ಮರಿಯನ್ನು ಬಿಟ್ಟೀತೆ?

ಗಾಳ ಹಿಡಿದವನು ದಿನವೆಲ್ಲ ನೀರಿನ ಮೇಲೆ ಕಣ್ಣಿಟ್ಟು ನಿಲ್ಲುತ್ತಾನೆ. ಆದುದರಿಂದ ನೊಣಗಳು ಏಳದೆ ಹೋದ ಸಂಜೆಯನ್ನು ಮೊದಲು ಕಾಣುವವನೂ ಅವನೇ. ಕೃತಕ ನೊಣವನ್ನು ಮುಳುಗದಂತೆ ಮಾಡುವ ವಿದ್ಯೆ ಈಗ ನಮಗೆ ಚೆನ್ನಾಗಿ ಕೈವಶವಾಗಿದೆ. ನಿಜವಾದ ನೊಣ ಉಳಿಯುವಂತೆ ಮಾಡುವುದಕ್ಕೆ ಸೀಸೆಯಲ್ಲಿ ಸಿಗುವ ಪುಡಿಯಿಲ್ಲ. ಅದು ಆ ಹೊಳೆಯ ದಡದವರ ಮಾತು ಮಾತ್ರವೆಂದು ನಾವು ನಿಶ್ಚಿಂತರಾಗಿರುವಂತಿಲ್ಲ; ನಮ್ಮ ಬಚ್ಚಲುಗಳ ನೀರೂ ಯಾವುದೋ ಒಂದು ಹೊಳೆಯನ್ನು ಸೇರಲೇಬೇಕಷ್ಟೆ.

ಮಾರನೆಯ ತರಗತಿಯಲ್ಲಿ ನಾವು ಎರಡು ಸೀಸೆಗಳನ್ನೂ ಮೇಜಿನ ಮೇಲಿಟ್ಟು, ಹಿಂದಿನ ದಿನ ಹೇಳಿದ್ದು ತಪ್ಪೆಂದು ಒಪ್ಪಿಕೊಂಡೆವು. ಹುಡುಗರು ಈ ಸಲ ನಗಲಿಲ್ಲ. ಆ ಹಿಂದಿನ ಬೆಂಚಿನ ಹುಡುಗನನ್ನೇ ಕರೆದು, ಒಂದು ನೊಣವನ್ನು ನೆನೆಸಿ, ತೊಳೆದು, ಒತ್ತಿ, ಕುಲುಕಿ, ಪುಡಿ ಹಚ್ಚಿ ಗಾಜಿನ ತೊಟ್ಟಿಯಲ್ಲಿ ಬಿಡಹೇಳಿದೆವು. ಅವನು ಅವಸರಪಡಲಿಲ್ಲ. ನೊಣ ನೀರಿನ ಮೇಲೆ ಕಾಲೂರಿ ನಿಂತಿತು. ಗಂಟೆ ಹೊಡೆದು ನಾವೆಲ್ಲರೂ ಎದ್ದು ಹೊರಟಾಗಲೂ ನಿಂತೇ ಇತ್ತು.